ದೂರು ಕೊಟ್ಟವರ ಮನೆಯಲ್ಲಿ ಹಾಸಿಗೆ

ಅದು 1934ನೆಯ ಇಸವಿ. ನನ್ನ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಪುಣೆಯ ಸದಾಶಿವ ಪೇಠೆಯಲ್ಲಿ, ಹಲವು ಸಂಸಾರಗಳು ಬಾಡಿಗೆಗಿದ್ದ ಒಂದು ವಾಡೆಯಲ್ಲಿ, ಕೆಳಗಿನ ಒಂದೇ ಕೋಣೆಯಲ್ಲಿ ನಾನು ಮತ್ತು ನನ್ನ ಅತ್ತೆ ಇದ್ದೆವು. ಧಾರವಾಡಕ್ಕೆ ಮರಳೋಣವೆಂದರೆ ಅಲ್ಲಿ ನಮ್ಮದೆನ್ನುವ ಮನೆ ಉಳಿದಿರಲಿಲ್ಲ. ನಮ್ಮ ಕಡೆಯಿಂದ ಬಂದು ಕಚೇರಿಗಳಲ್ಲಿ ಗುಮಾಸ್ತರಾಗಿದ್ದ ಹತ್ತು-ಹನ್ನೆರಡು ಮಂದಿಗೆ ಜೋಳದ ರೊಟ್ಟಿ, ಪಲ್ಯ ಮಾಡಿ ಡಬ್ಬಿ ಕಟ್ಟಿಕೊಡುತ್ತಿದ್ದೆವು. ನಮ್ಮಿಬ್ಬರ ಜೀವನ ಅದರಿಂದಲೇ ನಡೆಯುತ್ತಿತ್ತು.

ಮೇಲಿನ ಎರಡು ಕೋಣೆಗಳಲ್ಲಿ ಒಬ್ಬ ಮರಾಠಿ ವಿಧವೆ ಒಬ್ಬರೇ ಇದ್ದರು. ವಾಡೆಯವರೆಲ್ಲ ಅವರನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಅವರಿಗೆ ದಮ್ಮು. ನಮ್ಮ ಒಲೆಯ ಹೊಗೆ ಹಲಗೆಗಳ ಸಂದಿಯಿಂದ ನೇರವಾಗಿ ಅವರ ಕೋಣೆಗೆ ಏರುತ್ತಿತ್ತು. ಎರಡು ಸಲ ಇಳಿದು ಬಂದು ಹೇಳಿದರು. "ಹೊಗಿ ಇಲ್ಲದ ಒಲಿ ಎಲ್ಲಿ ಸಿಗ್ತದ ತೋರಸ್ರಿ, ಇವತ್ತ ತರ್ತೀನಿ" ಎಂದು ಅತ್ತೆ ಕನ್ನಡದಲ್ಲೇ ಅಂದರು. ಕಾಕೂಗೆ ಮಾತು ತಿಳಿಯದಿದ್ದರೂ ಧಾಟಿ ತಿಳಿಯಿತು. ಅವರು ಮುನ್ಸಿಪಾಲಿಟಿಗೆ ಅರ್ಜಿ ಬರೆದರು.

ಒಂದು ಮುಂಜಾನೆ, ನಾನು ರೊಟ್ಟಿ ಬಡಿಯುತ್ತಿದ್ದಾಗ, ಮುನ್ಸಿಪಾಲಿಟಿಯ ಇನ್‌ಸ್ಪೆಕ್ಟರು ಬಂದು ಬಾಗಿಲಲ್ಲಿ ನಿಂತರು. ಮನೆಯಲ್ಲಿ ಅಡುಗೆ ಮಾಡಿ ಮಾರುವುದಕ್ಕೆ ಪರವಾನಗಿ ಬೇಕು, ಹೊಗೆ ಹೊರಗೆ ಹೋಗಲು ಕೊಳವೆ ಬೇಕು, ಆ ಕೋಣೆಯಲ್ಲಿ ಯಾರೂ ಮಲಗಬಾರದು ಎಂದು ಮರಾಠಿಯಲ್ಲಿ ಓದಿ ಹೇಳಿದರು. ಕೊಳವೆಯನ್ನೇನೋ ಹೇಗಾದರೂ ಹಾಕಿಸಬಹುದಿತ್ತು. ಆದರೆ ಹಿಟ್ಟಿನ ಡಬ್ಬದ ಪಕ್ಕದಲ್ಲೇ ನಮ್ಮ ಎರಡು ಹಾಸಿಗೆಗಳನ್ನು ಸುತ್ತಿ ಇಟ್ಟಿದ್ದೆ.

"ಇವು ಯಾರವು?" ಎಂದರು.

ಅತ್ತೆ ಸರಿದು ಹಾಸಿಗೆಗಳಿಗೆ ಅಡ್ಡ ಕೂತರು.

"ಇಲ್ಲೇ ಮಲಗುವುದಾದರೆ ನಾಳೆಯಿಂದ ಡಬ್ಬಿ ಬಂದ್. ನಿಮ್ಮಿಬ್ಬರಿಗಷ್ಟೇ ಅಡುಗೆ ಮಾಡಿಕೊಳ್ಳಿ."

ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಕಾಕೂ ಆಗ ಕೆಳಗಿಳಿದರು. "ಅಹೋ ಸಾಹೇಬ, ಅವರು ಮಲಗುವುದು ಮೇಲೆ, ನನ್ನ ಹತ್ತಿರ. ಬಿಸಿಲಿಗೆ ಹಾಕಲು ಹಾಸಿಗೆ ತಂದಿದ್ದಾರೆ."

ಇನ್‌ಸ್ಪೆಕ್ಟರು ಕೈಯಲ್ಲಿದ್ದ ಅರ್ಜಿಯನ್ನು ತಿರುವಿ ನೋಡಿದರು. "ದೂರು ಕೊಟ್ಟವರು ನೀವೇ ಅಲ್ಲವೇ?"

"ಹೊಗೆಯ ಮೇಲೆ ಕೊಟ್ಟೆ. ಇವರ ಅನ್ನದ ಮೇಲೆ ಕೊಟ್ಟೆನೇ?"

ಇನ್‌ಸ್ಪೆಕ್ಟರು ತಿಂಗಳೊಳಗೆ ಪರವಾನಗಿ ಮಾಡಿಸಿ ತಗಡಿನ ಕೊಳವೆ ಹಾಕಿಸಬೇಕೆಂದು ಬರೆದರು. ಹೋಗುವಾಗ, "ಹೇಳದೆ ಬರುತ್ತೇನೆ. ಹಾಸಿಗೆ ಇಲ್ಲಿ ಕಾಣಬಾರದು" ಎಂದರು.

ಅವರು ಬಾಗಿಲು ದಾಟಿದ ಮೇಲೆ ಕಾಕೂ ಸೊಂಟದ ಮೇಲೆ ಕೈಯಿಟ್ಟು, "ಈ ವಯಸ್ಸಿನಲ್ಲಿ ನನ್ನಿಂದ ಸುಳ್ಳು ಹೇಳಿಸಿದಿರಿ. ಈಗ ಅದನ್ನು ನಿಜ ಮಾಡಿ" ಎಂದು ಒಂದು ಹಾಸಿಗೆಯನ್ನು ತಾವೇ ಬಗಲಲ್ಲಿ ಇಟ್ಟುಕೊಂಡು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಇನ್ನೊಂದನ್ನು ಎತ್ತಿಕೊಂಡು ನಾನು ಅವರ ಹಿಂದೆ ಹೋದೆ.

"ದೂರು ಕೊಟ್ಟಾಕಿ ಮನ್ಯಾಗ ನನಗ ನಿದ್ದಿ ಹತ್ತಂಗಿಲ್ಲವ್ವ" ಎಂದು ಅತ್ತೆ ಎಂಟು ದಿನ ಹೊರಗಿನ ಪಡಸಾಲೆಯಲ್ಲಿ ಮಲಗಿದರು. ಸೊಳ್ಳೆ ಕಾಟ ತಾಳದೆ ಒಂಬತ್ತನೆಯ ದಿನ ತಾವಾಗಿ ಮೇಲೆ ಬಂದರು. ಆಮೇಲೆ ಒಬ್ಬರು ಕನ್ನಡ, ಒಬ್ಬರು ಮರಾಠಿ ಮಾತಾಡುತ್ತ ನನ್ನನ್ನೇ ನಿದ್ದೆ ಮಾಡಲು ಬಿಡುತ್ತಿರಲಿಲ್ಲ.

ಹೀಗೆ ಹನ್ನೆರಡು ವರ್ಷ ನಡೆಯಿತು. ಅತ್ತೆ ಕೊನೆಯುಸಿರೆಳೆದದ್ದೂ ಆ ಮೇಲಿನ ಕೋಣೆಯಲ್ಲೇ. ಹೋದ ತಿಂಗಳು ಕಾಕೂ ತೀರಿಕೊಂಡರು. ಪುಣೆ ಹತ್ತಿರದ ಶಿರೂರಿನಿಂದ ಅವರ ಮೈದುನನ ಮಗ ಬಂದು ಕ್ರಿಯಾಕರ್ಮ ಮಾಡಿದ. ನಾನು ಹತ್ತು ದಿನ ಡಬ್ಬಿ ಕಟ್ಟಲಿಲ್ಲ. "ನಿಮಗೇನು ಸೂತಕವಿಲ್ಲವಲ್ಲ" ಎಂದು ವಾಡೆಯವರು ಕೇಳಿದರು.

ಕೊಳವೆ ಹಾಕಿಸಿದ ಮೇಲೂ ಸ್ವಲ್ಪ ಹೊಗೆ ಮೇಲೆ ಹೋಗುತ್ತಲೇ ಇತ್ತು. ಇಷ್ಟು ವರ್ಷಗಳಲ್ಲಿ ಕಾಕೂ ಮತ್ತೆ ಅದರ ಮಾತೆತ್ತಲಿಲ್ಲ. ಕೆಮ್ಮು ಬಂದಾಗ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. "ಹೊಗೆಯಿಂದಲೇ ಕೆಮ್ಮೇನು ಕಾಕೂ?" ಎಂದು ನಾನು ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಹೌದು ಎಂದಾರು ಎಂಬ ಭಯ ನನಗಿತ್ತು.