ನಾಲ್ಕು ಸೆಂಟಿಮೀಟರ್

ಆಸ್ಪತ್ರೆಯ ಹಿಂಬದಿಯಲ್ಲಿರುವ ಕೃತಕ ಕಾಲುಗಳ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕಾಲು ಮೇಷ್ಟ್ರು ಎಂದೇ. "ಊರಲ್ಲೆಲ್ಲಾ ಕಾಲೆಳೆಯೋರೇ, ಕಾಲು ಕೊಡೋನು ನಾನೊಬ್ಬನೇ" ಎಂದು ಅವರೇ ನಗುತ್ತಿದ್ದರು.

ಅವರ ಅಕ್ಕನ ಮಗಳು ಒಂಬತ್ತನೇ ವಯಸ್ಸಿನಲ್ಲಿ ಬಸ್ಸಿನಡಿ ಸಿಕ್ಕಿ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡಳು. ಹುಡುಗಿ ಬೆಳೆದ ಹಾಗೆ ಮೇಷ್ಟ್ರು ವರ್ಷಕ್ಕೊಮ್ಮೆ ಹೊಸ ಕಾಲು ಮಾಡಿಕೊಟ್ಟರು. ಎಷ್ಟು ಉದ್ದ ಇಡಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಅಕ್ಕ ಎತ್ತರದ ಹೆಂಗಸು. ಅವಳನ್ನು ನೋಡಿ ನೋಡಿ ಅಂದಾಜು ಕಟ್ಟಿದರು.

ಮುಂದೆ ಹುಡುಗಿಗೆ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸ ಸಿಕ್ಕಿತು, ಓಟದ ಹುಚ್ಚೂ ಹತ್ತಿತು. ಮೇಷ್ಟ್ರು ಕಾಲಿನ ಬದಲು ಕಟ್ಟಿಕೊಂಡು ಓಡುವ ಬಾಗಿದ ಬ್ಲೇಡುಗಳನ್ನು ತರಿಸಿ ಹಳೆಯ ಅಂದಾಜಿಗೇ ಹೊಂದಿಸಿದರು. ಕಾಲಿಲ್ಲದವರ ಪಂದ್ಯಗಳಲ್ಲಿ ಆರು ವರ್ಷ ಅವಳನ್ನು ಹಿಂದೆ ಹಾಕಿದವರಿಲ್ಲ.

ಏಳನೇ ವರ್ಷ, ದೊಡ್ಡ ಪಂದ್ಯಕ್ಕೆ ಹತ್ತು ದಿನ ಮೊದಲು, ದೂರೊಂದು ಬಂದು, ಅಧಿಕಾರಿಗಳು ಅವಳ ತೋಳು, ತೊಡೆ, ಎದೆಯ ಅಳತೆ ತೆಗೆದು ಅವಳಿಗೆ ಎಷ್ಟು ಎತ್ತರ ಸಲ್ಲುತ್ತದೆಂದು ಲೆಕ್ಕ ಹಾಕಿದರು. ಬ್ಲೇಡು ನಾಲ್ಕು ಸೆಂಟಿಮೀಟರ್ ಹೆಚ್ಚು. ಕತ್ತರಿಸದೆ ಓಡುವ ಹಾಗಿಲ್ಲ.

"ಇವಳ ತಾಯಿ ಎತ್ತರ ಒಂದ್ಸಲ ನೋಡಿ ಮೇಡಂ" ಎಂದರು ಮೇಷ್ಟ್ರು.

"ನಿಯಮದಲ್ಲಿ ತಾಯಿ ಇಲ್ಲ ಸರ್. ನನ್ನ ಕೈಲೂ ಏನಿಲ್ಲ" ಎಂದರು ಆ ಅಧಿಕಾರಿ, ಟೇಪು ಸುತ್ತುತ್ತಾ.

ದೂರು ಕೊಟ್ಟವಳು ಒಂದು ಕಾಲಿಲ್ಲದ ಓಟಗಾರ್ತಿ. ಅವಳೇ ಎದುರು ಬಂದು ನಿಂತಳು. "ಬೇಜಾರ್ ಮಾಡ್ಕೋಬೇಡಿ. ನಂದೊಂದು ಕಾಲು ಸ್ವಂತದ್ದು, ಇನ್ನೊಂದನ್ನ ಅದರಷ್ಟೇ ಇಡ್ಬೇಕು. ಇವಳಿಗೆ ಆ ಕಟ್ಟು ಇಲ್ವಲ್ಲ?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ಬೇರೆಯವ್ರು ಮುಟ್ಟೋದು ಬೇಡ ಮಾವ, ನೀವೇ ಕತ್ತರಿಸಿ" ಎಂದಳು ಅಕ್ಕನ ಮಗಳು. ಮೇಷ್ಟ್ರು ಎರಡು ಸಲ ಅಳೆದು, ಸಣ್ಣ ಗರಗಸದಿಂದ ಬ್ಲೇಡಿನ ಮೇಲ್ತುದಿ ಕೊಯ್ದರು. ಕಪ್ಪು ಪುಡಿ ಉದುರಿತು. ಅವಳು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದಳು.

ಹತ್ತು ದಿನದಲ್ಲಿ ಹೊಸ ಅಳತೆಗೆ ಹೆಜ್ಜೆ ಕೂಡಿಬರಲಿಲ್ಲ. ಪಂದ್ಯದ ದಿನ ತಿರುವಿನಲ್ಲಿ ಮುಗ್ಗರಿಸಿ ಏಳನೆಯವಳಾಗಿ ಗುರಿ ಮುಟ್ಟಿದಳು. ಬೆಂಚಿನ ಮೇಲೆ ಬ್ಲೇಡು ಬಿಚ್ಚುತ್ತಾ ಕೇಳಿದಳು:

"ಮಾವ, ಇಷ್ಟು ವರ್ಷ ನಾನು ಗೆದ್ದಿದ್ದೆಲ್ಲ ಮೋಸನಾ?"

"ಅಲ್ಲ ಕಣೇ."

"ಮತ್ತೆ ನಾನು ನಿಜವಾಗ್ಲೂ ಎಷ್ಟು ಎತ್ತರ ಇರ್ತಿದ್ದೆ?"

ಸಾವಿರಾರು ಕಾಲು ಅಳೆದ ಮನುಷ್ಯ ತಲೆ ತಗ್ಗಿಸಿ ಅವಳ ಬ್ಯಾಗಿನ ಜಿಪ್ಪು ಎಳೆಯತೊಡಗಿದರು.

ಅವಳು ಈಗಲೂ ಓಡುತ್ತಾಳೆ, ನಾಲ್ಕನೆಯವಳೋ ಐದನೆಯವಳೋ ಆಗುತ್ತಾಳೆ. ನಿವೃತ್ತರಾದ ಮೇಷ್ಟ್ರು ಪ್ರತಿ ಪಂದ್ಯಕ್ಕೂ ಜೊತೆಗೆ ಹೋಗುತ್ತಾರೆ. ಅಳತೆ ತೆಗೆಯುವ ಕೋಣೆಯೊಳಗೆ ಮಾತ್ರ ಕಾಲಿಡುವುದಿಲ್ಲ. ಬಾಗಿಲ ಹೊರಗೆ ಅವಳ ನೀರಿನ ಬಾಟಲಿ ಹಿಡಿದು ನಿಂತಿರುತ್ತಾರೆ.