ಇಷ್ಟು ತೆಳು ಬಟ್ಟೆ

ಬೆಳ್ತಂಗಡಿಯಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೆ ಅಂಗಡಿಯಿಟ್ಟಿದ್ದ ಟೈಲರಕ್ಕನಿಗೆ ನಮ್ಮೆಲ್ಲರ ಕಳ್ಳಾಟ ಗೊತ್ತಿತ್ತು. ಚೂಡಿದಾರಿಗೆ ಅಳತೆ ಕೊಡುವಾಗ ಸಪೂರ ಕಾಣಲೆಂದು ಹೆಂಗಸರು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಿದ್ದರು. ಟೈಲರಕ್ಕ ಟೇಪು ಸಡಿಲಬಿಟ್ಟು, “ಉಸಿರು ಬಿಡಿ ಅಕ್ಕ,” ಎಂದು ಸುಮ್ಮನೆ ಕಾಯುತ್ತಿದ್ದರು. ನನಗೂ ಎಷ್ಟು ಸಲ ಹೇಳಿದ್ದಾರೋ!

ಒಂದು ಸಂಜೆ ನಮ್ಮ ಕೋಣೆಗೆ ಬಾವಲಿ ನುಗ್ಗಿತು. ಗೋಡೆಯಿಂದ ಗೋಡೆಗೆ ಸುತ್ತಿ, ದಣಿದು ನೆಲಕ್ಕೆ ಬಿತ್ತು. ನಾನು ಕಸ ಗುಡಿಸುವ ಹಿಡಿಸೂಡಿ ಎತ್ತಿದ್ದೆ. ನನ್ನ ಬೊಬ್ಬೆ ಕೇಳಿ ಓಡಿಬಂದ ಟೈಲರಕ್ಕ ಅದನ್ನು ನನ್ನ ಕೈಯಿಂದ ಕಸಿದುಕೊಂಡರು.

“ಹೊಡೀಬೇಡಿ ಮಾರಾಯ್ರೆ! ನೆಲದಿಂದ ಹಾರ್ಲಿಕ್ಕೆ ಆಗುದಿಲ್ಲ ಅದಕ್ಕೆ.”

ಅಂಗಡಿಯಿಂದ ದಪ್ಪ ಸೋಫಾ ಬಟ್ಟೆ ತಂದು, ನಾಲ್ಕು ಮಡಿಕೆ ಮಾಡಿ, ಕೈ ತಾಗದಂತೆ ಬಾವಲಿಯನ್ನು ಎತ್ತಿಕೊಂಡರು. ಬಿಚ್ಚಿದ್ದ ರೆಕ್ಕೆಯನ್ನು ಕಣ್ಣಲ್ಲೇ ಅಳೆದರು.

“ಇಷ್ಟು ತೆಳು ಬಟ್ಟೆ ನಾನು ಹೊಲಿದದ್ದೇ ಇಲ್ಲ. ಹರಿದಿದ್ರೆ ಮತ್ತೆ ಯಾರಿಂದಲೂ ಆಗ್ಲಿಕ್ಕಿಲ್ಲ.”

ಅಂಗಳದ ಹಲಸಿನ ಮರಕ್ಕೆ, ತಲೆಯೆತ್ತರದಲ್ಲಿ, ಬಟ್ಟೆಯನ್ನು ಮೆಲ್ಲಗೆ ಒತ್ತಿ ಹಿಡಿದರು. ಬಾವಲಿ ತೊಗಟೆಗೆ ಅಂಟಿಕೊಂಡಿತು. ಬಟ್ಟೆ ಸರಿಸಿದ ಮೇಲೂ ಅಲುಗಲಿಲ್ಲ. ಟೈಲರಕ್ಕನೂ ಅಲುಗಲಿಲ್ಲ. ಸತ್ತೇಹೋಯಿತು ಅಂದುಕೊಳ್ಳುವಷ್ಟರಲ್ಲಿ ಅದು ರೆಕ್ಕೆ ಬಿಚ್ಚಿ, ಬಸ್‌ಸ್ಟ್ಯಾಂಡಿನ ಹಂಚಿನ ಮಾಡಿನ ಮೇಲಿಂದ ಹಾರಿಹೋಯಿತು.

ಟೈಲರಕ್ಕ ಮಾತ್ರ ಬಟ್ಟೆ ಹಿಡಿದು, ಹೊಟ್ಟೆ ಒಳಗೆಳೆದುಕೊಂಡು, ಹಾಗೆಯೇ ನಿಂತಿದ್ದರು.

“ಉಸಿರು ಬಿಡಿ ಅಕ್ಕ,” ಎಂದೆ.