ಲೂಪ್ ಲೈನಿನಲ್ಲಿ ಸೋದರತ್ತೆ

ನಾನು ಸಾಧು ಮನುಷ್ಯ. ಎಕ್ಸ್‌ಪ್ರೆಸ್ ರೈಲು ಕಂಡಾಗ ಮಾತ್ರ ಹೊಟ್ಟೆ ಉರಿಯುತ್ತದೆ. ರಾಯಚೂರಿನಿಂದ ಯಾದಗಿರಿ ಕಡೆಗೆ ದಿನಾ ನೌಕರಿಗೆ ಹೋಗುವ ನಮ್ಮದು ಪ್ಯಾಸೆಂಜರ್ ಗಾಡಿ. ಹಿಂದೆ ಎಕ್ಸ್‌ಪ್ರೆಸ್ ಬರುತ್ತಿದೆ ಎಂದರೆ ಸಾಕು, ನಮ್ಮನ್ನು ಲೂಪ್ ಲೈನಿಗೆ, ಅಂದರೆ ಪಕ್ಕದ ಹಳಿಗೆ, ಸರಿಸಿ ನಿಲ್ಲಿಸುತ್ತಾರೆ. ನಾವು ಬುತ್ತಿ ಬಿಚ್ಚುತ್ತೇವೆ, ಅದು ಧೂಳೆಬ್ಬಿಸಿ ಹೋಗುತ್ತದೆ. ರೈಲ್ವೆಯವರನ್ನು ಬೈಯದ ದಿನವಿರಲಿಲ್ಲ. ಎರಡು ಗಾಡಿಗಳನ್ನೂ ಸಂಭಾಳಿಸುವ ಅವರ ಕಷ್ಟ ನನಗೆ ತಿಳಿದದ್ದು ಮಗನ ತೊಟ್ಟಿಲ ಕಾರ್ಯದಲ್ಲಿ.

ಮಗುವಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ನನಗೋ ಅಕ್ಕ ಒಬ್ಬಳು, ತಂಗಿ ಒಬ್ಬಳು. ದೇವದುರ್ಗದ ಹತ್ತಿರ ಮಸರಕಲ್ಲಿಗೆ ಕೊಟ್ಟ ಅಕ್ಕನಿಗೆ ತೀರಿಹೋದ ನಮ್ಮಪ್ಪನ ಹೆಸರೇ ಬೇಕು, ಅಮರೇಶ. ಮಾನ್ವಿಯ ಅಕ್ಕಿ ಮಿಲ್ಲಿನ ಮನೆ ಸೇರಿದ ತಂಗಿಗೆ ಹೊಸ ನಮೂನೆಯ ಹೆಸರು ಬೇಕು. ಅದಕ್ಕೆ ನನ್ನ ನಾಲಿಗೆ ಇನ್ನೂ ಹೊರಳುತ್ತಿರಲಿಲ್ಲ. ನನ್ನ ಮನಸ್ಸು ಅಪ್ಪನ ಕಡೆಗೇ ಇತ್ತು. ಆದರೆ ಬಾಯಿ ಬಿಡುವ ಧೈರ್ಯ ಸಾಲದೆ, ತೊಟ್ಟಿಲ ಹತ್ತಿರ ಮೊದಲು ಬಂದವರೇ ಹೆಸರಿಡಲಿ ಎಂದುಬಿಟ್ಟೆ.

ಕಾರ್ಯ ಇದ್ದದ್ದು ಹೆಂಡತಿಯ ತವರಿನಲ್ಲಿ, ಯಾದಗಿರಿಗಿಂತ ಮೊದಲು ಸಿಗುವ ಸಣ್ಣ ಸ್ಟೇಷನ್ನಿನ ಊರು. ಅವತ್ತು ಬೆಳಿಗ್ಗೆ ರಾಯಚೂರಿನಲ್ಲಿ, ನಮ್ಮ ಗಾಡಿಯ ಹಿಂದೆ ಹೊರಡುವ ಎಕ್ಸ್‌ಪ್ರೆಸ್ಸಿಗೆ ತಂಗಿ ಟಿಕೆಟ್ ತೆಗೆದಳು. ಅದು ಅಲ್ಲಿ ನಿಲ್ಲುವುದಿಲ್ಲ ಎಂದು ಹೇಳಿದೆ.

"ಮಾನ್ವಿ ಎಕ್ಸ್‌ಪ್ರೆಸ್ ಬಸ್ಸು ಕೈ ಮಾಡಿದ್ರ ಹೊಲದಾಗೂ ನಿಲ್ತದ. ಹೇಳಿದ್ರ ಇಳಸ್ತಾರ ಬಿಡಣ್ಣ," ಎಂದಳು.

ರೈಲಿಲ್ಲದ ಊರಿನವರ ಲೆಕ್ಕದಲ್ಲಿ ಎಲ್ಲ ಗಾಡಿಗೂ ಮಾತು ಕೇಳುವ ಕಂಡಕ್ಟರ್ ಒಬ್ಬ ಇದ್ದೇ ಇರುತ್ತಾನೆ.

ಅಕ್ಕನನ್ನು ಕರೆದುಕೊಂಡು ನಾನು ಪ್ಯಾಸೆಂಜರ್ ಹತ್ತಿದೆ. ಅರ್ಧ ದಾರಿಯಲ್ಲಿ ಯಥಾಪ್ರಕಾರ ಪಕ್ಕಕ್ಕೆ ಸರಿಸಿದರು. ಎಕ್ಸ್‌ಪ್ರೆಸ್ ಧಡಧಡ ದಾಟಿತು. ಕಿಟಕಿಯೊಂದರಲ್ಲಿ ತಂಗಿ ಕೈ ಬೀಸಿದಂತಾಯಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯಪ್ಪನ ಹೆಸರು ಹೋತಲ್ಲೋ ತಮ್ಮಾ."

ಅವತ್ತು ಬುತ್ತಿ ಬಿಚ್ಚಲಿಲ್ಲ.

ನಮ್ಮ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದಂತೆ ತಂಗಿಯ ಫೋನು ಬಂತು. ಅವಳು ಯಾದಗಿರಿಯಲ್ಲಿದ್ದಳು. "ಎಷ್ಟು ಬೇಡಿಕೊಂಡ್ರೂ ನಿಲ್ಲಸಲಿಲ್ಲಣ್ಣ. ಜೀಪು ಹಿಡದು ಬರಾಕತ್ತೀನಿ, ಅಕ್ಕಗ ಸ್ವಲ್ಪ ತಡಿ ಅನ್ನು."

ಅಕ್ಕ ತಡೆಯುವ ಸ್ಥಿತಿಯಲ್ಲಿರಲಿಲ್ಲ. ಬುಟ್ಟಿ ಎತ್ತಿಕೊಂಡು ಆಗಲೇ ಸ್ಟೇಷನ್ ದಾಟಿದ್ದಳು. ಪ್ಯಾಸೆಂಜರ್ ಗಾಡಿಯವನೆಂದು ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಬೆಳಿಗ್ಗೆ ಹಾದಿಬಿಟ್ಟು ನಿಂತದ್ದೂ ಆಗ ಸಣ್ಣ ಮಾತೆನಿಸಿತು.

ತೊಟ್ಟಿಲಿಗೆ ಬಗ್ಗಿ ಅಕ್ಕ ಮಗುವಿನ ಕಿವಿಯಲ್ಲಿ ಕುರ್ರ್ ಎಂದು, ಅಪ್ಪನ ಹೆಸರು ಹೇಳಿದಳು. ಹೆಸರಿಟ್ಟವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದುವುದು ನಮ್ಮಲ್ಲಿ ಪದ್ಧತಿ. ಅಷ್ಟರಲ್ಲಿ ಬಾಗಿಲಲ್ಲಿ ಜೀಪು ನಿಂತಿತು. ತಂಗಿ ಚಪ್ಪಲಿ ಬಿಟ್ಟವಳೇ ನೇರ ಒಳಗೆ ಬಂದು, ಯಾದಗಿರಿಯಿಂದ ಕೂಡಿಟ್ಟುಕೊಂಡು ಬಂದ ಸಿಟ್ಟನ್ನೆಲ್ಲ ಅಕ್ಕನ ಬೆನ್ನಿನ ಮೇಲೆ ಇಳಿಸಿದಳು. ಆಮೇಲೆ ತಾನೇ ನಕ್ಕು ಅವಳನ್ನು ತಬ್ಬಿಕೊಂಡಳು.

"ಮೆಲ್ಲಕ ಬೇ," ಎಂದಳು ಅಕ್ಕ, ಬೆನ್ನು ನೀವಿಕೊಳ್ಳುತ್ತ. "ಇದು ಪ್ಯಾಸೆಂಜರ್ ಗಾಡಿ. ಎಲ್ಲಾರಿಗೂ ದಾರಿ ಬಿಟ್ಟು ಬಿಟ್ಟು ಬಂದದ."